ಟೈಟನ್ ಮೇಲೆ ಹಿರೋಶಿಗೆಯ ಮಳೆ

ಶನಿಯ ಚಂದ್ರ ಟೈಟನ್ ಮೇಲೆ ನಡೆಯುವ ಕಾದಂಬರಿಗೆ ಮುಖಪುಟ ಬರೆಯಬೇಕಿತ್ತು. ಅಲ್ಲಿ ಮೀಥೇನ್ ಮಳೆ ಸುರಿಯುತ್ತದೆ, ಮೀಥೇನ್ ಸರೋವರಗಳಿವೆ. ಮಳೆ ಅಂದ ಕೂಡಲೇ ಜಪಾನಿನ ಕಲಾವಿದ ಹಿರೋಶಿಗೆ 1857ರಲ್ಲಿ ಮಾಡಿದ ಮರದಚ್ಚಿನ ಚಿತ್ರ ಕಣ್ಮುಂದೆ ಬಂತು. ಸೇತುವೆ ಮೇಲೆ ದಿಢೀರನೆ ಮಳೆ, ತಲೆ ಮುಚ್ಚಿಕೊಂಡು ಓಡುವ ಜನ. ಉಕಿಯೊ-ಎ ಅನ್ನುವ ಆ ಹಳೆಯ ಜಪಾನಿ ಚಿತ್ರಶೈಲಿಯಲ್ಲೇ ಮಾಡೋಣ ಅನ್ನಿಸಿತು. ಅಳತೆಯೂ ಕೂಡಿ ಬಂತು. ಆ ಅಚ್ಚುಗಳಿಗೆ ಬಳಸುತ್ತಿದ್ದ ಓಬಾನ್ ಅಳತೆಯ ಹಾಳೆ ಸುಮಾರು 26 × 39 ಸೆಂ.ಮೀ., ನಮ್ಮ ಪುಸ್ತಕ 6 × 9 ಇಂಚು. ಎರಡಕ್ಕೂ ಪ್ರಮಾಣ ಒಂದೇ.

ನಾನು ಮೊದಲು ಕೈಬಿಟ್ಟಿದ್ದು ಹೊಳಪನ್ನು. ವೈಜ್ಞಾನಿಕ ಕಾದಂಬರಿಯ ಮುಖಪುಟ ಅಂದರೆ ಉರಿಯುವ ಇಂಜಿನ್, ಮಿರುಗುವ ಲೋಹ, ಅಲ್ವಾ? ಈ ಶೈಲಿಯಲ್ಲಿ ಆಕಾರ ಹುಟ್ಟುವುದು ಗೆರೆಯಿಂದ. ಬಣ್ಣ ಚಪ್ಪಟೆ, ನೆರಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದನ್ನು ಬಿಟ್ಟು ಅಲೆ, ಮೋಡ ಮಾತ್ರ ತಂದರೆ ಸುಮ್ನೆ ಅಲಂಕಾರ ಆಗುತ್ತದೆ. ಬಣ್ಣ ಕರಗಬೇಕಾದ ಕಡೆ ಬೊಕಾಶಿ ಇದೆ. ಅಚ್ಚುಗಾರ ಹಲಗೆಯನ್ನು ಒದ್ದೆ ಮಾಡಿ ಒಂದು ಅಂಚಿನಿಂದ ಬಣ್ಣ ತೆಳುವಾಗಿಸುತ್ತಾ ಹೋಗುತ್ತಾನೆ. ನಾನೂ ಕಂಪ್ಯೂಟರಿನಲ್ಲಿ ಒಂದು ಬಣ್ಣಕ್ಕೆ ಒಂದೇ ಲೇಯರ್, ಒಂದು ಲೇಯರಿಗೆ ಒಂದೇ ದಿಕ್ಕಿನ ಕರಗುವಿಕೆ ಅಂತ ಕಟ್ಟು ಹಾಕಿಕೊಂಡೆ. ನೌಕೆಯ ಬೆಂಕಿಯೂ ಅಷ್ಟರಲ್ಲೇ ಮೂಡಿತು.

ಗೆರೆಗಳನ್ನು ಕಾಗದದ ಮೇಲೆ ಕುಂಚದಲ್ಲಿ ಎಳೆದು ಸ್ಕ್ಯಾನ್ ಮಾಡಿದೆ. ಬಣ್ಣ ಕಪ್ಪಲ್ಲ, ಪ್ರಷಿಯನ್ ನೀಲಿ. ಇನ್ನೊಬ್ಬ ಉಕಿಯೊ-ಎ ಕಲಾವಿದ ಹೊಕುಸಾಯ್ 1830ರ ಆಸುಪಾಸಿನಲ್ಲಿ ಶುರು ಮಾಡಿದ ಫುಜಿ ಪರ್ವತದ ಸರಣಿಯ ಬಹುಪಾಲು ಚಿತ್ರಗಳ ಗೆರೆಯೂ ಇದೇ ನೀಲಿಯಲ್ಲಿತ್ತು. ಟೈಟನ್ನಿನ ಕಿತ್ತಳೆ ಆಕಾಶದ ಎದುರು ಈ ನೀಲಿ ಎದ್ದು ನಿಂತಿತು.

ಜಾಸ್ತಿ ಹೊತ್ತು ಹಿಡಿದದ್ದು ಮಳೆ. ಹಿರೋಶಿಗೆಯ ಗೆರೆಗಳು ತೆಳು, ಉದ್ದ, ಸ್ವಲ್ಪವೇ ಬೇರೆಬೇರೆ ಓರೆಯ ಎರಡು ಪದರ. ಅದಕ್ಕೇ ಆ ಮಳೆಗೆ ಅಷ್ಟು ರಭಸ. ಟೈಟನ್ನಲ್ಲಿ ಗುರುತ್ವ ಭೂಮಿಯ ಏಳನೇ ಒಂದು ಭಾಗ, ಗಾಳಿಯೋ ದಟ್ಟ. ದೊಡ್ಡ ಹನಿಗಳು ಸೆಕೆಂಡಿಗೆ ಸುಮಾರು 1.6 ಮೀಟರ್ ವೇಗದಲ್ಲಿ, ಹಿಮ ಉದುರುವ ಹಾಗೆ ನಿಧಾನವಾಗಿ ಇಳಿಯುತ್ತವೆ. ಹಾಗಾಗಿ ಎರಡು ಪದರ ಇಟ್ಟುಕೊಂಡು ಗೆರೆಗಳನ್ನು ಗಿಡ್ಡ ಮಾಡಿದೆ, ದಪ್ಪ ಮಾಡಿದೆ, ನಡುವೆ ಜಾಗ ಬಿಟ್ಟೆ. ಮಳೆ ತಾನಾಗಿ ಬೇರೆ ಲೋಕದ್ದಾಯಿತು.

ಲೇಖಕಿಗೆ ಶನಿಯ ಬಳೆ ಬೇಕೇ ಬೇಕಿತ್ತು. ಆದರೆ ಟೈಟನ್ನಿನ ನೆಲದಲ್ಲಿ ನಿಂತರೆ ದಟ್ಟ ಮಬ್ಬಿನಿಂದಾಗಿ ಶನಿ ಕಾಣುವುದಿಲ್ಲ. ಕೆಲವು ಹಳೆಯ ಅಚ್ಚುಗಳಲ್ಲಿ ಮೂಲೆಯಲ್ಲೊಂದು ಪುಟ್ಟ ಚೌಕಟ್ಟು, ಅದರೊಳಗೆ ಬೇರೆಯೇ ದೃಶ್ಯ ಇರುತ್ತದೆ. ಶನಿಯನ್ನು ಅಲ್ಲಿ ಕೂರಿಸಿದೆ. ಪಕ್ಕದ ಕೆಂಪು ಪಟ್ಟಿಯಲ್ಲಿ ಶೀರ್ಷಿಕೆ. ಓದಲು ಬಾರದ ಜಪಾನಿ ಅಕ್ಷರಗಳನ್ನು ಅಂದಕ್ಕೆಂದು ಅಂಟಿಸುವುದು ನನಗೆ ಸರಿ ಕಾಣಲಿಲ್ಲ.

ಮರದ ನಾರಿನ ಗುರುತನ್ನು ಇಡೀ ಚಿತ್ರದ ಮೇಲೆ ಒಂದೇ ಸಲ ಹಾಸಬೇಡಿ. ಪ್ರತಿ ಬಣ್ಣವೂ ಬೇರೆ ಹಲಗೆಯಿಂದ ಬರುವುದರಿಂದ ಒಂದೊಂದರ ನಾರೂ ಬೇರೆ. ಆಕಾಶಕ್ಕೆ ಒಂದು, ಸರೋವರಕ್ಕೆ ಇನ್ನೊಂದು ಹಾಕಿದೆ. ಕಾಗದದ ಎಳೆ ಮಾತ್ರ ಎಲ್ಲಕ್ಕೂ ಒಂದೇ. ಬಣ್ಣ ಗೆರೆ ದಾಟಿದಂತೆ ತೋರಿಸುವ ಚಾಳಿಯೂ ಬೇಡ. ಹಾಳೆ ಕೂರಿಸಲು ಹಲಗೆಯಲ್ಲಿ ಕೊರೆದ ಕೆಂತೊ ಗುರುತುಗಳ ನೆರವಿನಿಂದ ಆ ಅಚ್ಚುಗಾರರು ಹಾಳೆಯನ್ನು ಬಹಳ ಕರಾರುವಾಕ್ಕಾಗಿ ಕೂರಿಸುತ್ತಿದ್ದರು.

ಮುದ್ರಣಕ್ಕೆ ಕೊಡುವಾಗ ಮ್ಯಾಟ್ ಲ್ಯಾಮಿನೇಷನ್ನೇ ಬೇಕೆಂದು ಪಟ್ಟು ಹಿಡಿದೆ. ಗ್ಲಾಸಿ ಹಾಕಿದರೆ ನಾರು, ಬೊಕಾಶಿ ಎರಡೂ ಮಿನುಗಿನಡಿ ಮುಚ್ಚಿಹೋಗುತ್ತವೆ.