ಹಲವು ಕಾಯಿಲೆ ಇರುವವರ ಮಾತ್ರೆ ಚೀಲ ಪರಿಶೀಲಿಸುವ ಬಗೆ

ಜಗಳೂರು ಕಡೆಯ ಹಳ್ಳಿಯಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಮೂರೂ ಇರುವ ಅಜ್ಜಿಗೆ ಮಾತ್ರೆ ಬರುವುದು ಮೂರು ಕಡೆಯಿಂದ: ಊರಿನ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಶಾಪ್. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಡಿಸ್ಚಾರ್ಜ್ ಆದ 7 ದಿನದೊಳಗೆ ಆಶಾ ಕಾರ್ಯಕರ್ತೆಯೋ ನರ್ಸೋ ಮನೆಗೆ ಹೋಗಬೇಕು. ಚೀಟಿ ಕೇಳಬೇಡಿ, ಚೀಲ ಕೇಳಿ. ಗೂಡಿನಲ್ಲಿರುವುದು, ದಿಂಬಿನ ಕೆಳಗಿರುವುದು, ನಾಟಿ ಔಷಧಿ, ಎಲ್ಲವೂ ಚಾಪೆಯ ಮೇಲೆ ಬರಲಿ. ಪ್ರತಿ ಮಾತ್ರೆ ಸ್ಟ್ರಿಪ್‌ನಲ್ಲೂ ದೊಡ್ಡಕ್ಷರದ ಬ್ರಾಂಡ್ ಬಿಟ್ಟು, ಸಣ್ಣಕ್ಷರದ ಔಷಧದ ಹೆಸರು ಓದಿ. ಬಿಪಿ ಮಾತ್ರೆಯಾದ ಟೆಲ್ಮಿಸಾರ್ಟನ್ ಎರಡು ಬ್ರಾಂಡಿನಲ್ಲಿ ಸಿಕ್ಕರೆ ಡೋಸ್ ಇಮ್ಮಡಿಯಾಗಿರಬಹುದು. ತಲೆಸುತ್ತಿ ಬೀಳುವುದಕ್ಕೆ ಅಷ್ಟು ಸಾಕು.

ಹೆಚ್ಚು ಎಚ್ಚರ ಬೇಕಾದದ್ದು ಮಂಡಿನೋವಿನ ಮಾತ್ರೆಯ ಬಗ್ಗೆ. ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಮಾತ್ರೆ, ಜೊತೆಗೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಸೇರಿದರೆ ಕಿಡ್ನಿಗೆ ರಕ್ತದ ಹರಿವು ಕುಗ್ಗುತ್ತದೆ. ವಾಂತಿ-ಭೇದಿ ಆದ ದಿನ ಅಪಾಯ ಇನ್ನೂ ಹೆಚ್ಚು. ಅಂಗಡಿಯಿಂದ ತಂದ ನೋವಿನ ಮಾತ್ರೆ ತೆಗೆದಿಟ್ಟು ಅಂದೇ ವೈದ್ಯರಿಗೆ ಫೋನ್ ಮಾಡಿ. ವೈದ್ಯರು ಬರೆದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಒಂದೇ ಹಾಳೆಯಲ್ಲಿ ಹೆಸರು, ಎಂ.ಜಿ., ಯಾವುದಕ್ಕೆ, ಯಾರು ಬರೆದರು ಎಂದು ಬರೆಯಿರಿ. ಓದಲು ಬಾರದವರಿಗೆ ಬೆಳಗಿಗೆ ಸೂರ್ಯ, ರಾತ್ರಿಗೆ ಚಂದ್ರನ ಚಿತ್ರ. ಹಾಳೆಯ ಫೋಟೊ ಮನೆಯವರ ಫೋನಿನಲ್ಲಿರಲಿ.

ಟೆಲ್ಮಿಸಾರ್ಟನ್ ಶುರುವಾದ ಅಥವಾ ಡೋಸ್ ಏರಿಸಿದ 1–2 ವಾರಕ್ಕೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಕೆಲಸ ತಿಳಿಸುವ ಅಂಶ), ಪೊಟ್ಯಾಸಿಯಂ ಪರೀಕ್ಷೆ ಆಗಲೇಬೇಕು. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ ಅಂಕಿ 30ಕ್ಕಿಂತ ಇಳಿದಿದ್ದರೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಕೊಡುವಂತಿಲ್ಲ, ವರದಿಯನ್ನು ತಕ್ಷಣ ವೈದ್ಯರಿಗೆ ತೋರಿಸಿ. ರಕ್ತಪರೀಕ್ಷೆ, ಕಣ್ಣು, ಪಾದದ ತಪಾಸಣೆ ಒಂದೇ ದಿನಕ್ಕೆ ಹೊಂದಿಸಿ. ಕೂಲಿ ಬಿಟ್ಟು ಮೂರು ಸಲ ಬಸ್ಸು ಹತ್ತುವುದು ಯಾರಿಗೂ ಆಗದು.