ಗ್ರಂಥಾಲಯದ ನಾಲ್ಕು ಋತು: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಅಮೆರಿಕದಲ್ಲಿ ಬಾಡಿಗೆ ಮನೆ ಹಿಡಿದು, ವಿದ್ಯುತ್ ಬಿಲ್ಲು ನಿಮ್ಮ ಹೆಸರಿಗೆ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ, ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಕಾರ್ಡು ಮಾಡಿಸುವುದು. ಒಂದು ಗುರುತಿನ ಚೀಟಿ, ವಿಳಾಸದ ಒಂದು ದಾಖಲೆ ಇದ್ದರೆ ಸಾಕು. ಠೇವಣಿ ಇಲ್ಲ, ಚಂದಾ ಇಲ್ಲ, ಯಾರ ಶಿಫಾರಸೂ ಬೇಕಿಲ್ಲ. ಕಾರ್ಡಿನ ವಿಷಯ ಇಷ್ಟೇ. ಅದು ಕೈಗೆ ಬಂದ ಮೇಲೆ ನಮ್ಮವರು ಏನು ಮಾಡುತ್ತಾರೆ, ಏನು ಮಾಡದೆ ಉಳಿಯುತ್ತಾರೆ ಎಂಬುದೇ ನನ್ನ ಚಿಂತೆ.

ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿ, ಇಲ್ಲಿಯೇ ಮಕ್ಕಳನ್ನು ಬೆಳೆಸಿದವಳು ನಾನು. ಹೊಸದಾಗಿ ಬಂದ ಕನ್ನಡ ಕುಟುಂಬಗಳು ಗ್ರಂಥಾಲಯದ ಬಾಗಿಲಲ್ಲಿ ಹಿಂಜರಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನಮ್ಮ ಮನಸ್ಸಿನಲ್ಲಿ ಗ್ರಂಥಾಲಯವೆಂದರೆ ದಿನಪತ್ರಿಕೆ ಓದಲು ಬರುವ ನಿವೃತ್ತರು, ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತ ಯುವಕರು, ಬೀಗ ಹಾಕಿದ ಗಾಜಿನ ಬೀರು. ಅಲ್ಲಿ ಏನನ್ನಾದರೂ ಕೇಳಬೇಕಾದರೆ ಗಂಟಲು ಸರಿಮಾಡಿಕೊಳ್ಳಬೇಕಿತ್ತು. ಆ ಸಂಕೋಚವನ್ನೇ ಇಲ್ಲಿಗೂ ಹೊತ್ತು ತರುತ್ತೇವೆ. ವಿಚಾರಣೆಯ ಮೇಜಿನಲ್ಲಿ ಕುಳಿತವರನ್ನು ಕಂಡು “ಅವರಿಗೇಕೆ ತೊಂದರೆ” ಎಂದು ಮುಂದೆ ಸಾಗುತ್ತೇವೆ. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಿ ಕೊಡುವುದೇ ಅವರ ಉದ್ಯೋಗ. ಬಸ್ಸಿನ ವೇಳಾಪಟ್ಟಿ, ಶಾಲೆಯ ಅರ್ಜಿ, ಮಗುವಿನ ವಿಜ್ಞಾನ ಯೋಜನೆ, ಯಾವುದನ್ನು ಬೇಕಾದರೂ ಕೇಳಿ.

ಇದು ದಾನವಲ್ಲ ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಉಪಕರವಿದೆ. ಇಲ್ಲಿಯೂ ಗ್ರಂಥಾಲಯ ನಡೆಯುವುದು ಹೆಚ್ಚಾಗಿ ಊರಿನ ತೆರಿಗೆಯ ಹಣದಿಂದ. ಬಾಡಿಗೆ ಮನೆಯವರು ಕೊಡುವ ಬಾಡಿಗೆಯಲ್ಲೂ ಆ ತೆರಿಗೆ ಸೇರಿಕೊಂಡಿರುತ್ತದೆ. 1848ರಲ್ಲಿ ಸ್ಥಾಪನೆಯಾದ ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದ ಕಾಪ್ಲಿ ಚೌಕದ ಕಟ್ಟಡದಲ್ಲಿ, ಮುಖ್ಯ ಬಾಗಿಲಿನ ಮೇಲೆ ‘ಎಲ್ಲರಿಗೂ ಮುಕ್ತ’ ಎಂಬರ್ಥದ ಮಾತನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಎಲ್ಲರಿಗೂ ಎಂದರೆ ನಿನ್ನೆ ವಿಮಾನ ಇಳಿದವರಿಗೂ ಸೇರಿಯೇ.

ಬೇಸಿಗೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಗ್ರಂಥಾಲಯದ ಜೀವ ತುಂಬಿ ಹರಿಯುವುದು ಆಗಲೇ. ಜೂನ್ ತಿಂಗಳಲ್ಲಿ ಶಾಲೆ ಮುಚ್ಚಿದರೆ ಆಗಸ್ಟ್ ಕೊನೆಯವರೆಗೆ, ಕೆಲವೆಡೆ ಸೆಪ್ಟೆಂಬರ್‌ವರೆಗೆ ರಜೆ. ಬೇಸಿಗೆ ಶಿಬಿರಗಳ ಶುಲ್ಕ ಕೇಳಿದರೆ ಹೊಸಬರ ಎದೆ ಧಸಕ್ಕೆನ್ನುತ್ತದೆ. ಇದೇ ಹೊತ್ತಿಗೆ ಗ್ರಂಥಾಲಯಗಳಲ್ಲಿ ‘ಸಮ್ಮರ್ ರೀಡಿಂಗ್’ ಆರಂಭವಾಗುತ್ತದೆ. ಹೆಸರು ನೋಂದಾಯಿಸಿದ ಮಗುವಿಗೆ ಒಂದು ಹಾಳೆ ಕೊಡುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಖಾತೆ ತೆರೆಯುತ್ತಾರೆ. ಓದಿದ ನಿಮಿಷಗಳನ್ನೋ ಪುಸ್ತಕಗಳನ್ನೋ ಅದರಲ್ಲಿ ಗುರುತು ಮಾಡುತ್ತಾ ಹೋಗಬೇಕು. ಇಂತಿಷ್ಟು ತುಂಬಿದರೆ ಒಂದು ಪುಸ್ತಕವೋ ಸಣ್ಣ ಬಹುಮಾನವೋ ಸಿಗುತ್ತದೆ. ಮಿನೆಸೋಟಾದ ಕೆಲವು ಗ್ರಂಥಾಲಯ ವ್ಯವಸ್ಥೆಗಳು 1987ರಲ್ಲಿ ಕಟ್ಟಿಕೊಂಡ ಸಹಕಾರ ಕೂಟವೊಂದು ಇಂದು ದೇಶದ ಬಹುತೇಕ ರಾಜ್ಯಗಳಿಗೆ ವರ್ಷಕ್ಕೊಂದು ವಿಷಯ ಕೊಡುತ್ತದೆ. 2024ರಲ್ಲಿ ಸಾಹಸ, 2025ರಲ್ಲಿ ಬಣ್ಣ ಮತ್ತು ಕಲೆ. ಅದಕ್ಕೆ ತಕ್ಕಂತೆ ಬೊಂಬೆಯಾಟ, ಜಾದೂ, ವಿಜ್ಞಾನದ ಪ್ರಯೋಗ, ಚಿತ್ರ ಬಿಡಿಸುವುದು ಇತ್ಯಾದಿ ನಡೆಯುತ್ತವೆ. ಕೆಲವಕ್ಕೆ ಮೊದಲೇ ಹೆಸರು ಕೊಡಬೇಕು, ನೋಂದಣಿ ತೆರೆದ ದಿನವೇ ತುಂಬಿಹೋಗುತ್ತವೆ. ಮೇ ತಿಂಗಳ ಕೊನೆಯಲ್ಲಿಯೇ ವೇಳಾಪಟ್ಟಿ ತರಿಸಿಕೊಳ್ಳಿ.

ಈಗ ನಾನು ಕಳಕಳಿಯಿಂದ ಹೇಳಬೇಕೆಂದಿರುವ ಮಾತು. ಬಹುತೇಕ ಗ್ರಂಥಾಲಯಗಳಲ್ಲಿ ಆ ಹಾಳೆಗೆ ಯಾವ ಭಾಷೆಯ ಓದು ಬೇಕಾದರೂ ಸಲ್ಲುತ್ತದೆ. ಮಗು ತಾನೇ ಓದಬೇಕೆಂದಿಲ್ಲ, ದೊಡ್ಡವರು ಓದಿ ಹೇಳಿದರೂ ಲೆಕ್ಕಕ್ಕೆ ಬರುತ್ತದೆ. ಇದು ಗೊತ್ತಿಲ್ಲದೆ ನಮ್ಮ ಮನೆಗಳಲ್ಲಿ ಇಡೀ ಬೇಸಿಗೆ ಇಂಗ್ಲಿಷಿನಲ್ಲೇ ಕಳೆದುಹೋಗುತ್ತದೆ. ನನ್ನ ಮಗಳ ಒಂದು ವರ್ಷದ ಹಾಳೆ ಇನ್ನೂ ನನ್ನ ಬಳಿ ಇದೆ. ಇಪ್ಪತ್ತು ನಿಮಿಷಕ್ಕೊಂದರಂತೆ ಸಣ್ಣ ವೃತ್ತಗಳು. ಇಂಗ್ಲಿಷ್ ಓದಿಗೆ ನೀಲಿ, ಕನ್ನಡಕ್ಕೆ ಕೆಂಪು ಎಂದು ಅವಳೇ ನಿಯಮ ಮಾಡಿಕೊಂಡಿದ್ದಳು. ಮೊದಲ ಸಾಲುಗಳೆಲ್ಲ ನೀಲಿ. ಜುಲೈ ತಿಂಗಳಲ್ಲಿ ಅಜ್ಜಿ ಬಂದ ಮೇಲೆ ಕೆಂಪು ಶುರುವಾಗಿ, ಕೆಳಗಿನ ಸಾಲುಗಳಲ್ಲಿ ನೀಲಿ ಅಲ್ಲೊಂದು ಇಲ್ಲೊಂದು. ಕೊನೆಯ ವೃತ್ತದ ಪಕ್ಕದಲ್ಲಿ ‘ಅಜ್ಜಿ’ ಎಂದು ಬರೆದಿದ್ದಾಳೆ, ಜ್ಜಿ ಅಕ್ಷರದ ಒತ್ತು ತಪ್ಪಿ ಪಕ್ಕಕ್ಕೆ ಸರಿದಿದೆ. ಹಾಳೆ ತೆಗೆದುಕೊಂಡ ಗ್ರಂಥಪಾಲಕಿ ಆ ಪದವನ್ನು ಹೇಗೆ ಉಚ್ಚರಿಸುವುದೆಂದು ಕೇಳಿ, ತಾನೂ ಹೇಳಿ ನೋಡಿದರು. ಮನೆಯೊಳಗಿನ ಭಾಷೆಯನ್ನು ಹೊರಗಿನವರೊಬ್ಬರು ಮೇಜಿನ ಮೇಲಿಟ್ಟು ಎಣಿಸಿದ್ದನ್ನು ಮಗು ನೋಡಿತು. ಕನ್ನಡ ಕಲಿ ಎಂದು ನಾನು ನೂರು ಸಲ ಹೇಳಿದ್ದರೂ ಅದು ಆಗುತ್ತಿರಲಿಲ್ಲ.

ಪುಸ್ತಕ ಎಲ್ಲಿಂದ ತರುವುದು ಎಂದು ಕೇಳುತ್ತೀರಿ. ಊರಿಂದ ಬರುವಾಗ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಜತೆ ನಾಲ್ಕು ಮಕ್ಕಳ ಪುಸ್ತಕಗಳಿಗೂ ಜಾಗ ಮಾಡಿ. ಅದಾಗದಿದ್ದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿವೆ. ಇಳಿಸಿಕೊಂಡು, ಗ್ರಂಥಾಲಯದ ಯಂತ್ರದಲ್ಲೇ ಮುದ್ರಿಸಿ, ಹೊಲಿದು ಪುಸ್ತಕ ಮಾಡಿಕೊಳ್ಳಬಹುದು.

ನಾವು ಬೆಳೆದ ಬೇಸಿಗೆ ರಜೆ ನಮ್ಮ ಮಕ್ಕಳಿಗೆ ಸಿಗುವುದಿಲ್ಲ. ಅಜ್ಜನ ಮನೆಯ ಜಗಲಿ, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳ ದಂಡು, ಮಧ್ಯಾಹ್ನದ ಚೌಕಾಬಾರ, ರಾತ್ರಿ ಕೈತುತ್ತಿನ ಜತೆಗೆ ಬರುತ್ತಿದ್ದ ಕಥೆ. ಗ್ರಂಥಾಲಯ ಅದನ್ನು ತುಂಬಿಕೊಡುತ್ತದೆ ಎಂದು ನಾನು ಹೇಳುವುದಿಲ್ಲ. ಆ ನಷ್ಟ ನಷ್ಟವೇ. ಆದರೆ ನೆಲದ ಮೇಲೆ ಒತ್ತಿಕೊಂಡು ಕುಳಿತು, ಹತ್ತು ಮನೆಗಳ ಮಕ್ಕಳು ಒಂದೇ ಕಥೆಗೆ ಒಟ್ಟಿಗೆ ನಗುವುದು ಇಲ್ಲಿ ನನಗೆ ಬೇರೆಲ್ಲೂ ಕಾಣಲಿಲ್ಲ. ಗ್ರಂಥಾಲಯದವರು ಕಥೆ ಓದಿ ಹೇಳುವ ಪುಟ್ಟ ಮಕ್ಕಳ ‘ಕಥಾ ಸಮಯ’ದಲ್ಲಿ ಹಿಂದೆ ನಿಂತು ಮೊಬೈಲ್ ನೋಡಬೇಡಿ. ಮಗುವಿನ ಪಕ್ಕದಲ್ಲಿ ಕುಳಿತು ನೀವೂ ಹಾಡಿ, ಚಪ್ಪಾಳೆ ತಟ್ಟಿ. ಹೊಸ ಊರಿನಲ್ಲಿ ನಿಮಗೆ ಸಿಗುವ ಮೊದಲ ಗೆಳತಿ ಆ ಚಾಪೆಯ ಮೇಲೆಯೇ ಇರಬಹುದು. ಆದರೆ ಮಗುವನ್ನು ಅಲ್ಲಿ ಬಿಟ್ಟು ಅಂಗಡಿಗೆ ಹೋಗಬೇಡಿ. ಎಷ್ಟು ವಯಸ್ಸಿನ ಮಗು ಒಂಟಿಯಾಗಿರಬಹುದು ಎಂಬುದಕ್ಕೆ ಪ್ರತಿ ಗ್ರಂಥಾಲಯಕ್ಕೂ ಅದರದೇ ನಿಯಮವಿದೆ.

ರಜೆಯಲ್ಲಿ ಇನ್ನೊಂದು ಅನುಕೂಲ, ಪ್ರವೇಶದ ಪಾಸುಗಳು. ಮ್ಯಾಸಚೂಸೆಟ್ಸ್‌ನ ಊರೂರಿನ ಗ್ರಂಥಾಲಯಗಳು ವಸ್ತುಸಂಗ್ರಹಾಲಯ, ಮೃಗಾಲಯಗಳ ಪಾಸುಗಳನ್ನು ಪುಸ್ತಕದಂತೆಯೇ ಎರವಲು ಕೊಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಉದ್ಯಾನಗಳಿಗೆ ಕಾರು ಒಯ್ಯುವ ಪಾಸು ಸಿಗುತ್ತದೆ. ರಜೆಯ ದಿನಗಳಿಗೆ ವಾರಗಟ್ಟಲೆ ಮೊದಲೇ ಕಾಯ್ದಿರಿಸಬೇಕು.

ದಂಡಕ್ಕೆ ಹೆದರಿ ಎರಡೇ ಪುಸ್ತಕ ತರುವವರಿದ್ದಾರೆ. ಹೆದರಬೇಡಿ. ತಡವಾದದ್ದಕ್ಕೆ ದಂಡ ಹಾಕುವುದನ್ನು ಷಿಕಾಗೊ 2019ರಲ್ಲಿ, ನ್ಯೂಯಾರ್ಕ್ 2021ರಲ್ಲಿ ಕೈಬಿಟ್ಟವು. ಇನ್ನೂ ಅನೇಕ ಊರುಗಳು ಅದೇ ದಾರಿ ಹಿಡಿದಿವೆ. ಕಳೆದರೆ ಮಾತ್ರ ಬೆಲೆ ತೆರಬೇಕು.

ಸೆಪ್ಟೆಂಬರ್ ಬಂದರೆ ಮಕ್ಕಳು ಶಾಲೆಗೆ, ಗಂಡ ಕಚೇರಿಗೆ. ಗಂಡನ ಉದ್ಯೋಗ ವೀಸಾವನ್ನು ಆಧರಿಸಿ ಸಿಗುವ ಎಚ್-4 ವೀಸಾದಲ್ಲಿ, ಕೆಲಸದ ಪರವಾನಗಿ ಇಲ್ಲದೆ ಬಂದ ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಊರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಬ್ಯಾಂಕಿನಲ್ಲಿ ಅಧಿಕಾರಿಗಳಾಗಿದ್ದವರು, ನಾಲ್ಕು ಗೋಡೆಗಳ ನಡುವೆ ಕುಗ್ಗಿಹೋಗುವುದನ್ನು ಕಂಡು ನನ್ನ ಹೊಟ್ಟೆ ಉರಿದಿದೆ. ನಿಮಗೆ ಹೇಳುತ್ತೇನೆ ತಂಗಿ, ಈ ಕಾಲದಲ್ಲಿ ಇಂಗ್ಲಿಷ್ ಸಂಭಾಷಣೆಯ ಗುಂಪುಗಳು, ಪುಸ್ತಕ ಚರ್ಚೆಯ ಕೂಟಗಳು, ಹೊಲಿಗೆ ಹೆಣಿಗೆಯ ಗುಂಪುಗಳು ಮತ್ತೆ ಸೇರತೊಡಗುತ್ತವೆ. ನನಗೆ ಇಂಗ್ಲಿಷ್ ಬರುತ್ತದೆ, ಆ ಗುಂಪು ನನಗಲ್ಲ ಎನ್ನಬೇಡಿ. ಅಲ್ಲಿಗೆ ಹೋಗಬೇಕಾದ್ದು ಭಾಷೆಗಿಂತ ಹೆಚ್ಚಾಗಿ ಮಾತಿಗೆ. ವಾರಕ್ಕೊಮ್ಮೆ ನಿಮ್ಮ ಹೆಸರು ಹಿಡಿದು ಕರೆಯುವ, ನೀವು ಬಾರದಿದ್ದರೆ ಏಕೆ ಬರಲಿಲ್ಲ ಎಂದು ಕೇಳುವ ಆರು ಮಂದಿ ಇರುವುದು ಸಣ್ಣ ವಿಷಯವಲ್ಲ.

ಚಳಿಗಾಲದಲ್ಲಿ ಗ್ರಂಥಾಲಯ ಬೆಚ್ಚಗಿರುತ್ತದೆ. ಅದೊಂದೇ ಕಾರಣ ಸಾಕು. ಊರಿನಿಂದ ಬಂದ ತಂದೆತಾಯಿ ಕಿಟಕಿಯ ಹಿಮ ನೋಡುತ್ತಾ ದಿನ ಎಣಿಸುವ ಕಾಲ ಅದು. ಒಳಗೆ ಕುಳಿತುಕೊಳ್ಳಲು ಕಾರ್ಡು ಬೇಕಿಲ್ಲ, ಕರೆದುಕೊಂಡು ಹೋಗಿ. ಹಲವು ಗ್ರಂಥಾಲಯಗಳು ಈ ತಿಂಗಳುಗಳಲ್ಲಿ ಸಾವಿರ ಚೂರುಗಳ ಚಿತ್ರ ಜೋಡಣೆಯೊಂದನ್ನು ಮೇಜಿನ ಮೇಲೆ ಹರಡಿಡುತ್ತವೆ, ಬಂದವರು ಒಂದೆರಡು ಚೂರು ಸೇರಿಸಿ ಹೋಗುತ್ತಾರೆ. ನಮ್ಮತ್ತೆ ಆ ಮೇಜಿನ ಬಳಿ ಊರುಗೋಲಿನ ಅಮೆರಿಕನ್ ಅಜ್ಜಿಯೊಬ್ಬರ ಎದುರು ಕುಳಿತರು. ಇಬ್ಬರಿಗೂ ಹಂಚಿಕೊಳ್ಳಲು ಒಂದು ಭಾಷೆ ಇರಲಿಲ್ಲ. ಆಕಾಶದ ಚೂರುಗಳನ್ನು ಅವರು ಬಣ್ಣ ನೋಡಿ ಗುಡ್ಡೆ ಹಾಕಿದರೆ, ನಮ್ಮತ್ತೆ ಅಕ್ಕಿ ಆರಿಸುವ ಬೆರಳುಗಳಿಂದ ಅಂಚಿನ ಚೂರುಗಳನ್ನು ಬೇರೆ ಮಾಡಿದರು. ಮಾರನೆಯ ದಿನ ನಾನು ಹೇಳುವ ಮೊದಲೇ ಕೋಟು ಹಾಕಿಕೊಂಡು ಸಿದ್ಧರಾಗಿದ್ದರು.

ಅವರಿಗೆ ಓದಲು ಕನ್ನಡ ಪುಸ್ತಕ ಬೇಕಿತ್ತು. ಆ ನೆಪದಲ್ಲಿ ಒಂದು ಕಥೆ ನನಗೆ ತಿಳಿಯಿತು, ನೀವೂ ತಿಳಿಯಬೇಕು. 1954ರ ಪಿಎಲ್-480 ಕಾನೂನಿನಡಿ ಅಮೆರಿಕದ ಗೋಧಿ ಭಾರತಕ್ಕೆ ಬಂದಾಗ ಅದರ ಬೆಲೆಯನ್ನು ಭಾರತ ರೂಪಾಯಿಯಲ್ಲಿಯೇ ಕೊಟ್ಟಿತು. ಹೀಗೆ ಕೂಡಿದ ಹಣದ ಒಂದು ಪಾಲನ್ನು ಪುಸ್ತಕ ಕೊಳ್ಳಲು ಬಳಸಬಹುದೆಂದು ಅಮೆರಿಕ 1958ರಲ್ಲಿ ತೀರ್ಮಾನಿಸಿತು. ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು ಭಾರತದ ಭಾಷೆಗಳ ಪುಸ್ತಕಗಳನ್ನು ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಷಿಕಾಗೊ, ಪೆನ್ಸಿಲ್ವೇನಿಯಾ, ಬರ್ಕ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳ ಕಪಾಟುಗಳಲ್ಲಿ ಕನ್ನಡ ಪುಸ್ತಕಗಳು ಸೇರಿದ್ದು ಹಾಗೆ. ನಮ್ಮ ಹಿರಿಯರು ಪಡಿತರದ ಸಾಲಿನಲ್ಲಿ ನಿಂತು ತಂದ ಗೋಧಿಯ ಹಣ ಇಲ್ಲಿ ಅಕ್ಷರವಾಗಿ ಕುಳಿತಿದೆ. ನಿಮ್ಮ ಊರಿನ ಗ್ರಂಥಾಲಯದಲ್ಲಿ ‘ಅಂತರ ಗ್ರಂಥಾಲಯ ಎರವಲು’ (ಇಂಟರ್‌ಲೈಬ್ರರಿ ಲೋನ್) ಬೇಕೆಂದು ಕೇಳಿದರೆ ಅವುಗಳಲ್ಲಿ ಎಷ್ಟೋ ಪುಸ್ತಕಗಳು ನಿಮ್ಮ ಕೈಗೆ ಬರುತ್ತವೆ, ಬರಲು ಒಂದೆರಡು ವಾರ ಹಿಡಿಯಬಹುದು. ಹುಡುಕುವುದು ಅನೇಕ ಗ್ರಂಥಾಲಯಗಳ ಪುಸ್ತಕಗಳನ್ನು ಒಂದೆಡೆ ತೋರಿಸುವ ವರ್ಲ್ಡ್‌ಕ್ಯಾಟ್ ಎಂಬ ಅಂತರ್ಜಾಲದ ಪಟ್ಟಿಯಲ್ಲಿ. ಅಲ್ಲಿ ಕನ್ನಡ ಹೆಸರುಗಳು ರೋಮನ್ ಲಿಪಿಯಲ್ಲಿರುತ್ತವೆ. ದೀರ್ಘಾಕ್ಷರಕ್ಕೆ ನಾವು ಮೊಬೈಲಿನಲ್ಲಿ ಬರೆಯುವ ಹಾಗೆ ಎರಡು ‘a’ ಹಾಕಿದರೆ ಸಿಗುವುದಿಲ್ಲ, ಒಂದೇ ಹಾಕಿ.

ಫೆಬ್ರವರಿಯಿಂದ ಏಪ್ರಿಲ್ 15ರವರೆಗೆ ಅನೇಕ ಗ್ರಂಥಾಲಯಗಳಲ್ಲಿ ಸ್ವಯಂಸೇವಕರು ಉಚಿತವಾಗಿ ಆದಾಯ ತೆರಿಗೆ ವಿವರ ತುಂಬಿಕೊಡುತ್ತಾರೆ. ಮೊದಲ ವರ್ಷದವರಿಗೆ ಬೇಕಾಗಬಹುದಾದ ಅನಿವಾಸಿ ನಮೂನೆಯನ್ನು ಎಲ್ಲ ಕಡೆಯೂ ಮಾಡುವುದಿಲ್ಲ, ಕೇಳಿಕೊಂಡು ಹೋಗಿ.

ವಸಂತದಲ್ಲಿ ಬೀಜ. ಹಳೆಯ ಕಾಲದ ಸೂಚಿಪತ್ರದ ಪುಟ್ಟ ಸೆಳೆಖಾನೆಗಳಲ್ಲಿ ಈಗ ಟೊಮ್ಯಾಟೊ, ಹುರುಳಿಕಾಯಿ, ತುಳಸಿ ಜಾತಿಯ ಗಿಡಗಳ ಬೀಜದ ಪೊಟ್ಟಣಗಳನ್ನು ಇಟ್ಟಿರುವ ಗ್ರಂಥಾಲಯಗಳಿವೆ. ಬೇಕಾದ್ದನ್ನು ಒಯ್ದು ಬಿತ್ತಿ, ಸಾಧ್ಯವಾದರೆ ಮುಂದಿನ ವರ್ಷ ಬೀಜ ತಂದುಕೊಡಿ. ಯುಗಾದಿಗೇ ಬಿತ್ತಬೇಕೆಂಬ ಆಸೆ ನಮಗೆ. ಮ್ಯಾಸಚೂಸೆಟ್ಸ್‌ನ ನಮ್ಮ ಸೀಮೆಯಲ್ಲಿ ಮೇ ಮಧ್ಯದವರೆಗೂ ಇಬ್ಬನಿ ಹೆಪ್ಪುಗಟ್ಟಿ ಸಸಿ ಸುಟ್ಟುಹೋಗುತ್ತದೆ, ಕುಂಡದಲ್ಲಿ ಒಳಗೇ ಬೆಳೆಸಿಕೊಳ್ಳಿ.

ಇಷ್ಟೆಲ್ಲ ಪಡೆದ ಮೇಲೆ ನಾವು ಕೊಡಬೇಕಾದದ್ದೂ ಇದೆ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಹಿಂದಿ, ತಮಿಳು, ತೆಲುಗು ಪುಸ್ತಕಗಳಿದ್ದು ಕನ್ನಡ ಇಲ್ಲದಿದ್ದರೆ ಬೇಸರ ಪಟ್ಟು ಸುಮ್ಮನಾಗಬೇಡಿ. ಪುಸ್ತಕ ಕೊಳ್ಳುವಂತೆ ಕೋರುವ ನಮೂನೆ ಇದೆ. ಒಂದು ಮನೆಯಿಂದ ಹೋದ ಕೋರಿಕೆ ಕೋರಿಕೆಯಾಗಿಯೇ ಉಳಿಯಬಹುದು. ಹತ್ತು ಮನೆಗಳಿಂದ ಹೋದರೆ ಅವರು ವಿಚಾರ ಮಾಡುತ್ತಾರೆ. ಕನ್ನಡ ಕೂಟದ ದೀಪಾವಳಿ ಊಟಕ್ಕೆ ಸೇರುವ ಜನ ಈ ನಮೂನೆಗೂ ಸೇರಬಾರದೇಕೆ? ಕೊಂಡ ಮೇಲೆ ಎರವಲು ತರಲೇಬೇಕು, ಯಾರೂ ಮುಟ್ಟದ ಪುಸ್ತಕವನ್ನು ಕೆಲವು ವರ್ಷಗಳಲ್ಲಿ ಕಪಾಟಿನಿಂದ ತೆಗೆದುಬಿಡುತ್ತಾರೆ.

ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವದ ನೆಪದಲ್ಲಿ ಒಂದು ಕನ್ನಡ ಕಥಾ ಸಮಯ, ಪ್ರದರ್ಶನದ ಒಂದು ಕಪಾಟು ಕೇಳಬಹುದು. ಕಾರ್ಯಕ್ರಮಗಳು ತಿಂಗಳುಗಳ ಮೊದಲೇ ನಿಗದಿಯಾಗುವುದರಿಂದ ಆಗಸ್ಟ್‌ನಲ್ಲಿಯೇ ಮಕ್ಕಳ ವಿಭಾಗದವರನ್ನು ಕಂಡು ಮಾತಾಡಿ. ಸಾಮಾನ್ಯವಾಗಿ ಅಲ್ಲಿ ಟಿಕೆಟ್ ಇಡುವಂತಿಲ್ಲ, ಬಾಗಿಲು ಎಲ್ಲರಿಗೂ ತೆರೆದಿರಬೇಕು. ಹೋಗುವ ಮುನ್ನ ಕಥೆ ಓದಿ ಹೇಳುವ ಇಬ್ಬರನ್ನಾದರೂ ಒಪ್ಪಿಸಿಟ್ಟುಕೊಳ್ಳಿ. ನಿಮ್ಮಲ್ಲಿ ಓದುವವರು ಯಾರು ಎಂದು ಅವರು ಮೊದಲ ಭೇಟಿಯಲ್ಲಿಯೇ ಕೇಳುತ್ತಾರೆ.