ತಿಂಡಿ, ಟ್ರಂಪ್ ಮತ್ತು ಇಲ್ಲಿನ ನಿಮ್ಮ ಓಟು

ಜಿಪಿ ಅಂದರೆ ಸ್ಥಳೀಯ ವೈದ್ಯರಲ್ಲಿ ನೋಂದಣಿ, ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ನಂಬರು, ಬ್ಯಾಂಕ್ ಖಾತೆ, ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಎಲ್ಲ ಬಂದ ಹೊಸದರಲ್ಲೇ ಮುಗಿಸಿಬಿಡಿ. ಅದನ್ನು ಹೇಳಿಕೊಡಲು ಸಾವಿರ ಜನ ಇದ್ದಾರೆ. ಯಾರೂ ಹೇಳಿಕೊಡದ ವಿಷಯ ಬೇರೆ ಇದೆ: ಈ ಬ್ರಿಟನ್ನಿನಲ್ಲಿ ಬೆಳಿಗ್ಗೆ ತಟ್ಟೆಯ ಮುಂದೆ ಕೂತು ಏನು ತಿನ್ನಬೇಕು, ಏನು ಮಾತಾಡಬೇಕು.

ನಮ್ಮೂರಿನಲ್ಲಿ ತಿಂಡಿ ಮತ್ತು ರಾಜಕೀಯ ಜೊತೆಜೊತೆಗೇ ಬರುತ್ತವೆ. ದಾವಣಗೆರೆಯಾಗಲಿ ಹಾಸನವಾಗಲಿ, ಹೋಟೆಲಿನಲ್ಲಿ ಇಡ್ಲಿ ವಡೆ ಬರುವಷ್ಟರಲ್ಲಿ ಒಂದು ಸರ್ಕಾರ ಬಿದ್ದಿರುತ್ತದೆ, ಬೈಟು ಕಾಫಿ ಮುಗಿಯುವ ಹೊತ್ತಿಗೆ ಖಾತೆ ಹಂಚಿಕೆಯೂ ಆಗಿರುತ್ತದೆ. ಪಕ್ಕದ ಟೇಬಲ್ಲಿನವರೂ ಬಾಯಿ ಹಾಕುತ್ತಾರೆ. "ಈ ಸಲ ಯಾರಿಗೆ ಸಾರ್ ನಿಮ್ಮ ಓಟು?" ಅಂದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಇದೇ ಅಭ್ಯಾಸದಲ್ಲಿ ಇಲ್ಲಿಗೆ ಬಂದು, ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಸಹೋದ್ಯೋಗಿಯನ್ನು ಕೇಳುತ್ತೇವೆ: ನೀವು ಲೇಬರೋ, ಕನ್ಸರ್ವೇಟಿವೋ? ಅವರು ಕಿಟಕಿಯ ಕಡೆ ನೋಡಿ "ಮಳೆ ಬರುವ ಹಾಗಿದೆ" ಅನ್ನುತ್ತಾರೆ. ಸಂಬಳ ಎಷ್ಟು ಅಂತ ಕೇಳಿದ್ದರೂ ಅಷ್ಟು ಮುಜುಗರ ಆಗುತ್ತಿರಲಿಲ್ಲ.

ತಟ್ಟೆಯ ವಿಷಯ ಮೊದಲು. ಫುಲ್ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಅಂದರೆ ಬೇಕನ್, ಹಂದಿಮಾಂಸದ ಸಾಸೇಜ್, ಮೊಟ್ಟೆ, ಟೊಮೆಟೊ, ಅಣಬೆ, ಬೇಕ್ಡ್ ಬೀನ್ಸ್, ಟೋಸ್ಟ್. ಜೊತೆಗೆ ಹಲವು ಕಡೆ ಬ್ಲ್ಯಾಕ್ ಪುಡಿಂಗ್. ಹೆಸರು ನೋಡಿ ಸಿಹಿ ಅಂತ ಬಾಯಿಗಿಟ್ಟುಕೊಳ್ಳಬೇಡಿ. ಹಂದಿಯ ರಕ್ತ, ಕೊಬ್ಬು, ಓಟ್ಸ್ ಅಥವಾ ಬಾರ್ಲಿ ಸೇರಿಸಿ ಮಾಡಿದ ಕಪ್ಪು ಬಿಲ್ಲೆ ಅದು. ಸ್ಕಾಟ್ಲೆಂಡಿನಲ್ಲಿ ಚೌಕನೆಯ ಸಾಸೇಜ್, ಆಲೂಗಡ್ಡೆ ಸ್ಕೋನ್. ಉತ್ತರ ಐರ್ಲೆಂಡಿನಲ್ಲಿ ಸೋಡಾ ಬ್ರೆಡ್, ಆಲೂಗಡ್ಡೆ ಬ್ರೆಡ್. ವೇಲ್ಸಿನಲ್ಲಿ ಲೇವರ್‌ಬ್ರೆಡ್ ಅಂತ ಕಡಲಪಾಚಿಯ ಒಂದು ಪದಾರ್ಥ ಕೊಡುತ್ತಾರೆ. ಈ ಮೂರೂ ಕಡೆ ಕೂತು ಅದನ್ನು ಇಂಗ್ಲಿಷ್ ತಿಂಡಿ ಅನ್ನಬೇಡಿ. ಬೆಳಗಾವಿಯ ಕುಂದಾವನ್ನು ಧಾರವಾಡದ್ದು ಅಂದ ಹಾಗಾಗುತ್ತದೆ.

ದಿನಾ ಇದನ್ನೇ ತಿನ್ನುತ್ತಾರೆ ಅನ್ನುವುದು ನಾವು ಹೊತ್ತು ತರುವ ಕಲ್ಪನೆ. ವಾರದ ದಿನಗಳಲ್ಲಿ ಇಲ್ಲಿನ ಬಹುತೇಕರದ್ದು ಟೋಸ್ಟು, ಸೀರಿಯಲ್ಲು, ಇಲ್ಲವೇ ರೈಲಿನಲ್ಲಿ ನಿಂತು ತಿನ್ನುವ ಬಾಳೆಹಣ್ಣು. ದೊಡ್ಡ ತಟ್ಟೆ ಭಾನುವಾರಕ್ಕೆ, ಹೋಟೆಲ್ ವಾಸ್ತವ್ಯಕ್ಕೆ, ಗ್ರೀಸಿ ಸ್ಪೂನ್ ಅಂತ ಕರೆಯುವ ಜಿಡ್ಡು ಟೇಬಲ್ಲಿನ ಕೆಫೆಗಳಿಗೆ. ಆ ಕೆಫೆಗಳಿಗೆ ತಪ್ಪದೆ ಹೋಗಿ. ನಮ್ಮ ದರ್ಶಿನಿಗೆ ಇಲ್ಲಿ ಹತ್ತಿರವಾದದ್ದು ಅವೇ. ಲಾರಿ ಚಾಲಕ, ವಕೀಲ, ರಾತ್ರಿ ಪಾಳಿ ಮುಗಿಸಿದ ನರ್ಸು ಎಲ್ಲ ಒಂದೇ ಸಾಲಿನಲ್ಲಿ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ವೆಜಿಟೇರಿಯನ್ ಬ್ರೇಕ್‌ಫಾಸ್ಟ್ ಅಂದರೆ ಇಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಕ್ವಾರ್ನ್ ಕಂಪನಿಯ ವೆಜ್ ಸಾಸೇಜಿನಲ್ಲೂ ಮೊಟ್ಟೆಯ ಬಿಳಿ ಇರುತ್ತದೆ; ಮೊಟ್ಟೆ ಬೇಡವಾದರೆ ವೀಗನ್ ಅಂತಲೇ ಕೇಳಬೇಕು. ಕಾವಲಿಯೂ ಒಂದೇ: ಬೇಕನ್ ತೆಗೆದ ಜಾಗದಲ್ಲೇ ನಿಮ್ಮ ಅಣಬೆ ಬೇಯುತ್ತದೆ. ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಅಂತ ಕೇಳುವುದರಲ್ಲಿ ನಾಚಿಕೆ ಬೇಡ, ಬೇಸರವಿಲ್ಲದೆ ಮಾಡಿಕೊಡುತ್ತಾರೆ. ಬೇಕ್ಡ್ ಬೀನ್ಸ್ ಮತ್ತು ಟೋಸ್ಟ್ ನಿಮ್ಮನ್ನು ಕೈಬಿಡುವುದಿಲ್ಲ. ಮನೆಯಲ್ಲಾದರೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ. ಡಬ್ಬಿಯ ಬೀನ್ಸಿನ ಸಿಹಿ ಮುರಿಯಲು ಬೇರೆ ದಾರಿಯಿಲ್ಲ.

ಟೇಬಲ್ಲಿನ ಮೇಲಿರುವ ಎಚ್‌ಪಿ ಸಾಸ್ ಬಾಟಲಿಯನ್ನು ತಿರುಗಿಸಿ ನೋಡಿ. ಮುಂದೆ ಬ್ರಿಟಿಷ್ ಸಂಸತ್ತಿನ ಚಿತ್ರ. ಒಳಗೆ ನಮ್ಮ ಹುಣಸೆಹಣ್ಣು, ಖರ್ಜೂರ. ಮಾಲೀಕರು ಅಮೆರಿಕದ ಹೈಂಜ್ ಕಂಪನಿ. ಬರ್ಮಿಂಗ್‌ಹ್ಯಾಮಿನ ಆಸ್ಟನ್‌ನಲ್ಲಿದ್ದ ಕಾರ್ಖಾನೆಯನ್ನು 2007ರಲ್ಲಿ ಮುಚ್ಚಿ ತಯಾರಿಕೆಯನ್ನು ನೆದರ್ಲೆಂಡ್ಸಿಗೆ ಒಯ್ದರು. ನಾನಿರುವುದು ಇದೇ ಬರ್ಮಿಂಗ್‌ಹ್ಯಾಮಿನಲ್ಲಿ. ಇಲ್ಲಿನ ವಯಸ್ಸಾದವರ ಹತ್ತಿರ ಈ ಬಾಟಲಿಯ ಮಾತು ತೆಗೆದರೆ, ಪಕ್ಷದ ಹೆಸರೆತ್ತದೆಯೇ ಒಂದು ಗಂಟೆ ರಾಜಕೀಯ ಕೇಳಬಹುದು. ಸ್ವಂತ ರಾಜಕೀಯಕ್ಕೆ ಇವರು ಹೀಗೆ ಅಡ್ಡದಾರಿಯಲ್ಲೇ ಬರುತ್ತಾರೆ.

ನೇರ ದಾರಿ ಇರುವುದು ಅಮೆರಿಕಕ್ಕೆ ಮಾತ್ರ. ಅಲ್ಲಿನ ಚುನಾವಣೆ ಬಂತೆಂದರೆ ಕಚೇರಿಯ ಅಡುಗೆಮನೆಯಲ್ಲಿ ಟೀ ಚೀಲ ಅದ್ದುತ್ತಾ ಎಲ್ಲರೂ ಮಾತಾಡುತ್ತಾರೆ. ಕಾರಣ ಸರಳ: ಆ ಕೋಣೆಯಲ್ಲಿ ಯಾರಿಗೂ ಅಲ್ಲಿ ಓಟಿಲ್ಲ, ಹಾಗಾಗಿ ಯಾರ ಮನಸ್ಸೂ ಮುರಿಯುವುದಿಲ್ಲ. ಐರೋಪ್ಯ ಒಕ್ಕೂಟ ಬಿಡಬೇಕೋ ಬೇಡವೋ ಅನ್ನುವ 2016ರ ಜೂನಿನ ಬ್ರೆಕ್ಸಿಟ್ ಮತದಾನದಲ್ಲಿ ದೇಶ ಶೇಕಡಾ 52-48 ಅಂತ ಸೀಳಿಹೋದ ಮೇಲೆ, ಅಣ್ಣತಮ್ಮಂದಿರೇ ಮಾತು ಬಿಟ್ಟ ಮನೆಗಳನ್ನು ಕಂಡಿದ್ದೇನೆ. ಅದೇ ನವೆಂಬರಿನಲ್ಲಿ ಟ್ರಂಪ್ ಗೆದ್ದಾಗ ನಮ್ಮ ಕಚೇರಿಯಲ್ಲಿ ಒಂದು ಥರದ ನಿರಾಳ. ಎರಡೂ ಕಡೆಯವರು ಸೇರಿ ನಗಬಹುದಾದ ವಿಷಯ ಕೊನೆಗೂ ಸಿಕ್ಕಿತ್ತು.

ಈ ಮಾತಿಗೆ ಇಳಿಯುವ ಮುನ್ನ ಬಣ್ಣ ಸರಿಮಾಡಿಕೊಳ್ಳಿ. ಅಲ್ಲಿ ಕೆಂಪು ಅಂದರೆ ರಿಪಬ್ಲಿಕನ್, ನೀಲಿ ಅಂದರೆ ಡೆಮಾಕ್ರಾಟ್. ಇಲ್ಲಿ ಕೆಂಪು ಲೇಬರ್, ನೀಲಿ ಕನ್ಸರ್ವೇಟಿವ್. ತಲೆಕೆಳಗು. ಇನ್ನೊಂದು, ಕಡಿಮೆ ಓಟು ಪಡೆದವರು ಅಲ್ಲಿ ಗೆಲ್ಲುವುದನ್ನು ಕಂಡು ಇವರು ತಲೆ ಕೊಡವುತ್ತಾರೆ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಟ್ರಂಪ್‌ಗಿಂತ ಸುಮಾರು 29 ಲಕ್ಷ ಓಟು ಹೆಚ್ಚು ಬಿದ್ದಿತ್ತು, ಆದರೆ ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಪ್ರತಿನಿಧಿಗಳ ಕೂಟವಾದ ಎಲೆಕ್ಟೋರಲ್ ಕಾಲೇಜಿನ 538ರಲ್ಲಿ ಬೇಕಾದ 270 ಮುಟ್ಟಲಿಲ್ಲ. ನಗುವವರಿಗೆ ಮೆಲ್ಲಗೆ ನೆನಪಿಸಬಹುದು: 2024ರಲ್ಲಿ ಇಲ್ಲಿ ಲೇಬರ್ ಪಕ್ಷ ಶೇಕಡಾ 34ರಷ್ಟು ಓಟಿಗೆ 650ರಲ್ಲಿ 400ಕ್ಕೂ ಹೆಚ್ಚು ಸೀಟು ಹಿಡಿಯಿತು. ನಮ್ಮಲ್ಲೂ ಇದೇ ಕಥೆ ಅನ್ನುವುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಬಂದೂಕಿನ ವಿಷಯದಲ್ಲಿ ತಮಾಷೆ ಬೇಡ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಪುಟ್ಟ ಮಕ್ಕಳನ್ನು, ಅವರ ಶಿಕ್ಷಕಿಯನ್ನು ಒಬ್ಬಾತ ಗುಂಡಿಟ್ಟು ಕೊಂದ; ಮರುವರ್ಷ ಸರ್ಕಾರದವರು ಕಾನೂನು ತಂದು ಕೈಬಂದೂಕುಗಳನ್ನು ನಿಷೇಧಿಸಿದರು. ಆ ಹೆಸರು ಕೇಳಿದರೆ ಈಗಲೂ ಕೋಣೆ ಸುಮ್ಮನಾಗುತ್ತದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ವಿಷಯದಲ್ಲೂ ಅಷ್ಟೇ. ಅದರ ಕಾಯುವ ಪಟ್ಟಿಯನ್ನು ಅವರು ದಿನಾ ಬೈದುಕೊಳ್ಳುತ್ತಾರೆ. ನೀವು "ಅಮೆರಿಕದ ಇನ್ಶೂರೆನ್ಸೇ ವಾಸಿ" ಅಂದು ನೋಡಿ, ಅಲ್ಲಿಗೆ ಟೀ ಮುಗಿಯಿತು.

ಇನ್ನು ನಮ್ಮವರ ಒಂದು ಖಾಯಿಲೆ. ಕಮಲಾ ಹ್ಯಾರಿಸ್ ಸ್ಪರ್ಧಿಸಿದರೆ ತಮಿಳರು ತಮ್ಮವರು ಅನ್ನುತ್ತಾರೆ, ಜೆ.ಡಿ. ವ್ಯಾನ್ಸ್ ಉಪಾಧ್ಯಕ್ಷರಾದರೆ ಪತ್ನಿ ಉಷಾರ ಲೆಕ್ಕದಲ್ಲಿ ತೆಲುಗರು ಹಬ್ಬ ಮಾಡುತ್ತಾರೆ. ನಾವೇನು ಕಡಿಮೆ? ಮಿಷಿಗನ್‌ನಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆಯ್ಕೆಯಾದ ಶ್ರೀ ಥಾನೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ ಅಂತ ಗುಂಪುಗಳಲ್ಲಿ ಸಂದೇಶ ಹರಿದಾಡುತ್ತದೆ. ರಿಷಿ ಸುನಕ್ ಇಲ್ಲಿ ಪ್ರಧಾನಿಯಾದಾಗಲಂತೂ ಹುಬ್ಬಳ್ಳಿಯ ಅಳಿಯ ಅಂತ ಒಂದು ವಾರ ಸಿಹಿ ಹಂಚಿದೆವು. ಹಂಚಿದವರಲ್ಲಿ ಎಷ್ಟು ಜನರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿತ್ತು ಅಂತ ಕೇಳಿದ್ದರೆ ಪೇಡ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಏಕೆಂದರೆ ನಿಮಗೆ ಇಲ್ಲಿ ಓಟಿದೆ. ಭಾರತ ಕಾಮನ್‌ವೆಲ್ತ್ ದೇಶ. 18 ತುಂಬಿ, ವೀಸಾ ಮೇಲೆ ಇಲ್ಲಿ ವಾಸವಿರುವ ಭಾರತೀಯ ಪ್ರಜೆ ಸಂಸತ್ತಿನ ಚುನಾವಣೆಗೂ ಕೌನ್ಸಿಲ್ ಚುನಾವಣೆಗೂ ಓಟು ಹಾಕಬಹುದು. ಓದಲು ಬಂದವರು, ನರ್ಸ್ ಕೆಲಸಕ್ಕೆ ಬಂದವರು, ಸಂಗಾತಿಯ ವೀಸಾದಲ್ಲಿ ಬಂದವರು, ಎಲ್ಲರೂ. ದಶಕಗಟ್ಟಲೆ ಇಲ್ಲೇ ಇರುವ ಇಟಲಿಯವನಿಗೆ ಇಲ್ಲಿನ ಪೌರತ್ವ ಇಲ್ಲದೆ ಸಂಸತ್ತಿನ ಓಟಿಲ್ಲ. ಮೊನ್ನೆ ಬಂದಿಳಿದ ತುಮಕೂರಿನ ಹುಡುಗಿಗೆ ಇದೆ. ಇದು ತಿಳಿಯದೆ, ಇಲ್ಲವೇ ತಿಳಿದೂ "ನಮಗ್ಯಾಕೆ ಇವರ ಉಸಾಬರಿ" ಅಂತ ವರ್ಷಗಳನ್ನು ಕಳೆದವರನ್ನು ಬೇಕಾದಷ್ಟು ನೋಡಿದ್ದೇನೆ, ಕನ್ನಡಿಯಲ್ಲೂ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ಯಾರ ಕಡೆ ವಾಲುತ್ತಿದೆ ಅಂತ ರಾತ್ರಿಯೆಲ್ಲ ಟಿವಿ ಮುಂದೆ ಕೂರುತ್ತೇವೆ. ನಮ್ಮ ಬೀದಿಯ ಕಸ ಎತ್ತಿಸುವ ಕೌನ್ಸಿಲರ್ ಹೆಸರು ಗೊತ್ತಿರುವುದಿಲ್ಲ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡದಲ್ಲಿ 2015ರಲ್ಲಿ ನಿಂತ ಬಸವಣ್ಣನ ಪ್ರತಿಮೆಯ ಮುಂದೆ ನಾವೆಲ್ಲ ಫೋಟೊ ತೆಗೆಸಿಕೊಳ್ಳುತ್ತೇವಲ್ಲ, ಅದಕ್ಕಾಗಿ ಓಡಾಡಿದ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲರು ಅದೇ ಲ್ಯಾಂಬೆತ್ ಕೌನ್ಸಿಲಿನಲ್ಲಿ ಆಯ್ಕೆಯಾಗಿ ಮೇಯರ್ ಆಗಿದ್ದವರು.

ನನ್ನ ಮಗಳು ಹುಟ್ಟಿದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಕ್ಕಿ ರೊಟ್ಟಿಗೆ ಚಟ್ನಿಯ ಬದಲು ಮಾರ್ಮೈಟ್ ಅನ್ನುವ ಯೀಸ್ಟಿನ ಉಪ್ಪುಪ್ಪು ಲೇಪ ಸವರಿಕೊಳ್ಳುತ್ತಾಳೆ, ಅದಕ್ಕೂ ಒಗ್ಗಿಕೊಂಡಿದ್ದೇನೆ. ಅಮೆರಿಕದ ಸುದ್ದಿ ಫೋನಿನಲ್ಲಿ ನೋಡಿ ನನಗಿಂತ ಚೆನ್ನಾಗಿ ವಿವರಿಸುತ್ತಾಳೆ, ಆದರೆ ಗ್ರಾಮ ಪಂಚಾಯಿತಿ ಅಂದರೇನು ಅಂತ ಅವಳಿಗೆ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಅಪ್ಪ ವಿಡಿಯೊ ಕಾಲಿನಲ್ಲಿ "ಏನಂತಮ್ಮ ನಿಮ್ಮ ಟ್ರಂಪು?" ಅಂತ ಅವಳನ್ನೇ ಕೇಳುತ್ತಾರೆ. ಅವರಿಗೆ ಫಾರಿನ್ ಎಲ್ಲ ಒಂದೇ. ಊರಿಗೆ ಹೋದಾಗ ಹೋಟೆಲಿನಲ್ಲಿ ನಾನೂ ಬಾಯಿ ಹಾಕುತ್ತೇನೆ. ಎಲ್ಲರೂ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ, ಯಾರೂ ಜಗಳಕ್ಕೆ ಬರುವುದಿಲ್ಲ. ಅತಿಥಿಯ ಜೊತೆ ಯಾರು ಜಗಳ ಆಡುತ್ತಾರೆ? ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಂಡ ದಿನ ಅಲ್ಲಿನ ಓಟು ಹೋಯಿತು. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನಲ್ಲಿ ಜೀವನಪೂರ್ತಿ ವೀಸಾ ಇದೆ, ಓಟಿಲ್ಲ. ಅರ್ಜಿಗೆ ಸಹಿ ಹಾಕುವಾಗ ಇದನ್ನು ಯೋಚಿಸಿರಲಿಲ್ಲ. ನೀವು ಯೋಚಿಸಿ.

ನೋಂದಣಿ ಆನ್‌ಲೈನ್‌ನಲ್ಲಿ ಐದೇ ನಿಮಿಷದ ಕೆಲಸ, ಎನ್‌ಐ ನಂಬರು ಕೈಲಿರಲಿ. ಪಟ್ಟಿಯಲ್ಲಿ ಹೆಸರಿದ್ದರೆ ಕ್ರೆಡಿಟ್ ಸ್ಕೋರಿಗೂ ಒಳ್ಳೆಯದು. ಮತದಾನ ಸಾಮಾನ್ಯವಾಗಿ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ, ರಜೆ ಇರುವುದಿಲ್ಲ. ಇಂಗ್ಲೆಂಡಿನಲ್ಲಿ 2023ರಿಂದ ಫೋಟೊ ಗುರುತು ಕಡ್ಡಾಯ, ನಿಮ್ಮ ಭಾರತೀಯ ಪಾಸ್‌ಪೋರ್ಟೇ ಸಾಕು. ಒಳಗೆ ಯಂತ್ರ ಇಲ್ಲ. ಕಾಗದ, ದಾರ ಕಟ್ಟಿದ ಪೆನ್ಸಿಲ್, ಒಂದು ಗುಣಾಕಾರ ಚಿಹ್ನೆ. ಬೆರಳು ಚಾಚಬೇಡಿ. ಮೈಸೂರಿನಲ್ಲಿ ತಯಾರಾಗುವ ನಮ್ಮ ಶಾಯಿ ಇಲ್ಲಿಲ್ಲ, ಅಧಿಕಾರಿ ಗಾಬರಿಯಾಗುತ್ತಾರೆ. ಬಾಗಿಲ ಹೊರಗೆ ಪಕ್ಷದ ಬಣ್ಣದ ಬ್ಯಾಡ್ಜ್ ಹಾಕಿಕೊಂಡವರು ನಿಮ್ಮ ಮತದಾರರ ಸಂಖ್ಯೆ ಕೇಳಬಹುದು. ಅವರು ಸರ್ಕಾರದವರಲ್ಲ, ಹೇಳಲೇಬೇಕೆಂದಿಲ್ಲ.